ಬೀರಪ್ಪನಿಗೆ ಮೀಸಲಾದ ಆಸ್ಪರಾಗಸ್

ತೋಟಗಾರಿಕೆ ಬಲು ಸುಲಭ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಬೀಜ ಹಾಕುವುದು, ನೀರು ಹಾಕುವುದು, ಕೊಯ್ದು ತಿನ್ನುವುದು. ಮೊದಲ ಎರಡನ್ನು ಮಾಡಿದವನು ಮೂರನೆಯದನ್ನೂ ಮಾಡಿಯೇ ಮಾಡುತ್ತಾನೆ. ಅಕ್ಕಲಕೋಟೆಯ ಶಾಲೆಯಲ್ಲಿ ಗಣಿತ ಕಲಿಸುವವನಿಗೆ ಅಷ್ಟು ಲೆಕ್ಕ ಗೊತ್ತಿರಬಾರದೇ!

ಇದೆಲ್ಲ ಶುರುವಾದದ್ದು ಸೋಲಾಪುರದಲ್ಲಿ, ನನ್ನ ಷಡ್ಡಕ ಗೋವಿಂದರಾಯರ ಊಟದ ಮೇಜಿನಲ್ಲಿ. ಅವರು ಗಿರಣಿಯಲ್ಲಿ ದೊಡ್ಡ ಹುದ್ದೆಯವರು. ಊರು ಬಿಟ್ಟುಹೋದ ಬಿಳಿ ಸಾಹೇಬನ ಕುರ್ಚಿಯ ಜೊತೆಗೆ ಅವನ ಬಾಯಿರುಚಿಯೂ ಅವರಿಗೆ ಬಳುವಳಿಯಾಗಿ ಬಂದಿತ್ತು. ಒಂದು ಡಬ್ಬಿ ಕೊರೆದು, ಬೆರಳಿನಂಥ ಬಿಳಿ ದಂಟುಗಳನ್ನು ತೆಗೆದು, ನನ್ನ ತಾಟಿಗೆ ಒಂದೇ ಒಂದನ್ನು ಹಾಕಿದರು.

"ಇದಕ್ಕ ಆಸ್ಪರಾಗಸ್ ಅಂತಾರ, ಮಾಸ್ತರ. ನಿಮ್ಮ ಅಕ್ಕಲಕೋಟ್ಯಾಗ ನೋಡಾಕೂ ಸಿಗೂದಿಲ್ಲ."

ನನ್ನ ಸಿಟ್ಟು ನೆತ್ತಿಗೇರಿತು. "ಡಬ್ಬಿದು ಏನ್ ತಿಂತೀರಿ ರಾಯರ? ನಮ್ಮ ಹಿತ್ತಲದಾಗ ತಾಜಾ ಬೆಳದು ನಿಮಗ ಉಣಸ್ತೀನಿ!" ಎಂದುಬಿಟ್ಟೆ.

ನನ್ನ ಹೆಂಡತಿ ಶಾಂತೆ ತನ್ನ ಅಕ್ಕನ ಮುಖ ನೋಡಿದಳು. ಅಕ್ಕ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಅಂದಿನಿಂದ ಆ ದಂಟು ನಮ್ಮ ಮನೆಯ ಮರ್ಯಾದೆಯ ಪ್ರಶ್ನೆಯಾಯಿತು.

ಪುಣೆಯಿಂದ ಅಂಚೆಯಲ್ಲಿ ಬೀಜ ತರಿಸಿ, ಎರಡು ಗಾಡಿ ಗೊಬ್ಬರ ಹಾಕಿ ಬಿತ್ತಿದೆ. ಆಮೇಲೆ ಬೀಜದ ಜೊತೆ ಬಂದ ಚೀಟಿ ಓದಿದೆ. "ಮೊದಲ ಎರಡು ವರ್ಷ ಕೊಯ್ಯಬಾರದು." ಎರಡು ವರ್ಷ! ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಾಯುವುದೇ ಗತಿ.

ಮೊದಲ ವರ್ಷ ದಾರದಂಥ ಎಳೆಗಳು ಎದ್ದವು. ಎರಡನೆಯ ವರ್ಷ ಅವು ಸೊಂಟದೆತ್ತರ ಬೆಳೆದು, ಥೇಟು ಸಬ್ಬಸಿಗೆ ಸೊಪ್ಪಿನಂತೆ ಹರಡಿದವು. ನಮ್ಮ ಓಣಿಯಲ್ಲಿ ಒಂದು ಹಿಡಿ ಸೊಪ್ಪಿಗೆ ಯಾರೂ ಯಾರನ್ನೂ ಕೇಳುವುದಿಲ್ಲ. ಒಂದು ಸಂಜೆ ಪಕ್ಕದ ಮನೆಯ ಮಾಯವ್ವ ಬೇಲಿಯಾಚೆ ನಿಂತು ದೂರು ಸಲ್ಲಿಸಿದಳು.

"ಮಾಸ್ತರ, ನಿಮ್ಮ ಸಬ್ಬಸಗಿ ಪಲ್ಯಾ ಮಾಡಿದ್ನಿರಿ. ವಾಸನಿನೂ ಇಲ್ಲ, ರುಚಿನೂ ಇಲ್ಲ. ಬ್ಯಾರೆ ಬೀಜ ಹಾಕ್ರಿ."

ಇನ್ನು ನಾಲ್ಕು ಸಲ ಇವಳು ಪಲ್ಯ ಮಾಡಿದರೆ ರಾಯರ ಮುಂದೆ ನನ್ನ ಗತಿಯೇನು? ಆಗ ಹೊಳೆಯಿತು ಆ ಮಹಾ ಉಪಾಯ!

"ಮಾಯವ್ವ, ಅದನ್ನ ಮುಟ್ಟಬ್ಯಾಡ! ಅದು ಮೀಸಲು. ಬೀರಪ್ಪಗ ಬಿಟ್ಟೀನಿ."

ಮಾಯವ್ವ ಗಲ್ಲ ಗಲ್ಲ ಬಡಿದುಕೊಂಡಳು. ದೇವರಿಗೆ ಮೀಸಲೆಂದರೆ ದೇವರಿಗೆ ಮುಟ್ಟಿಸುವ ತನಕ ನರಮನುಷ್ಯರು ಮುಟ್ಟುವಂತಿಲ್ಲ. ಅಂದಿನಿಂದ ಅವಳ ಕೈ ಹಾಗಿರಲಿ, ಅವಳ ಆಡು ಕೂಡ ನಮ್ಮ ಹಿತ್ತಲಿನ ಕಡೆ ಕಣ್ಣು ಹಾಕಲಿಲ್ಲ.

"ದೇವರ ಹೆಸರ್ಲೆ ಸುಳ್ಳು ಹೇಳಬಾರದಿತ್ತರಿ," ಎಂದಳು ಶಾಂತೆ.

"ಹುಚ್ಚಿ, ಬೀರಪ್ಪ ಎಲ್ಲೆರ ಆಸ್ಪರಾಗಸ್ ತಿಂತಾನೇನ?" ಎಂದು ನಕ್ಕೆ.

ಮಾಯವ್ವನ ಗಂಡ ಅಮೋಗಿ, ಕುರಿಗಾರರ ದೇವರಾದ ಅದೇ ಬೀರಪ್ಪನ ಪೂಜಾರಿ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು! ಆ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೇ. ಸುಳ್ಳು ಹೇಳುವವನು ದೂರದ ದೇವರ ಹೆಸರು ಹೇಳಬೇಕು.

ಮೂರನೆಯ ವರ್ಷ ಶಿವರಾತ್ರಿ ಕಳೆದ ಮೇಲೆ ನೆಲ ಸೀಳಿಕೊಂಡು ಹೆಬ್ಬೆರಳು ಗಾತ್ರದ ಹನ್ನೊಂದು ದಂಟುಗಳು ಮೇಲೆದ್ದವು. ಆನಂದದಿಂದ ನನ್ನ ಕಣ್ಣು ತುಂಬಿ ಬಂತು. ಕೂಡಲೇ ಷಡ್ಡಕರಿಗೆ ಕಾರ್ಡು ಬರೆದೆ: "ಭಾನುವಾರ ಸಹಕುಟುಂಬ ಭೋಜನಕ್ಕೆ ದಯಮಾಡಿಸುವುದು."

ಬಂದರು. ರಾಯರ ಕೈಯಲ್ಲಿ ಒಂದು ಕೈಚೀಲ. ಒಲೆಯ ಮೇಲೆ ನೀರು ಕುದಿಯುತ್ತಿತ್ತು, ಬಟ್ಟಲಲ್ಲಿ ಬೆಣ್ಣೆ ಕಾದಿತ್ತು. ನಾನು ಚಾಕು ಹಿಡಿದು, ಅತಿಥಿಗಳನ್ನು ಹಿತ್ತಲಿಗೆ ಕರೆದೊಯ್ದು, ಒಂದು ಸಣ್ಣ ಭಾಷಣ ಮಾಡಿ ಬಾಗಿದೆ. ಅಷ್ಟರಲ್ಲಿ ಓಣಿಯಲ್ಲಿ ಡೊಳ್ಳು ಮೊಳಗಿತು!

"ಮಾಸ್ತರ, ಚಾಕು ಒಗೀರಿ! ದೇವರ ಮೀಸಲಕ್ಕ ಕಬ್ಬಣ ಹಚ್ಚತಾರೇನ್ರಿ?"

ಹೆಗಲ ಮೇಲೆ ಕಂಬಳಿ, ಹಣೆ ತುಂಬ ಭಂಡಾರದ ಅರಿಶಿನ. ಅಮೋಗಿ! ಹಿಂದೆ ಆರತಿ ಹಿಡಿದ ಮಾಯವ್ವ. ಅವಳ ಹಿಂದೆ ಅರ್ಧ ಓಣಿ.

"ಬೇಲಿ ಸಂದ್ಯಾಗಿಂದ ದಿನಾ ನೋಡಾಕತ್ತಿದ್ನಿರಿ," ಎಂದಳು ಮಾಯವ್ವ ಹೆಮ್ಮೆಯಿಂದ. "ಮೀಸಲು ಬಲಿತೈತಿ ಅಂತ ಇವರಿಗಿ ನಾನೇ ಹೇಳಿದ್ನಿ. ಇವತ್ತ ಐತವಾರ, ದೇವರ ವಾರ!"

ಮೀಸಲು ಹೌದೆಂದರೆ ಊಟ ಹೋಯಿತು, ಅಲ್ಲವೆಂದರೆ ಮಾನ ಹೋಯಿತು. ಶಾಂತೆಯ ಕಡೆ ನೋಡಿದೆ. ಅವಳು ಆಗಲೇ ತಲೆಯ ಮೇಲೆ ಸೆರಗು ಹೊದ್ದು ಕೈಮುಗಿದು ನಿಂತಿದ್ದಳು!

ಅಮೋಗಿ ಹನ್ನೊಂದನ್ನೂ ಬುಡದಲ್ಲಿ ಕೈಯಿಂದಲೇ ಟಕ್ ಟಕ್ ಎಂದು ಮುರಿದ. ಎಷ್ಟು ಚಂದ ಮುರಿದನೆಂದರೆ, ಚೀಟಿಯಲ್ಲಿ ಬರೆದದ್ದೂ ಹಾಗೆಯೇ! ಬುಟ್ಟಿ ನನ್ನ ತಲೆಯ ಮೇಲೆ ಬಂತು. ಬರಿಗಾಲಲ್ಲಿ, ಡೊಳ್ಳಿನ ಹಿಂದೆ, ನನ್ನ ವಿದ್ಯಾರ್ಥಿಗಳು ವಾಸಿಸುವ ಎಲ್ಲ ಓಣಿಗಳನ್ನೂ ಹಾದು ಗುಡಿ ತಲುಪಿದೆ. ರಾಯರು ಹಿಂದೆಯೇ ಬಂದರು.

ಪೂಜೆ ಮುಗಿಯಿತು. ಪ್ರಸಾದವೆಂದು ಒಂದು ತುಂಡಾದರೂ ಸಿಕ್ಕೀತು ಎಂಬ ಆಸೆಯಿಂದ ಕೈಚಾಚಿದೆ.

"ಛೇ, ಹೊಸಾ ಬೆಳಿ ಅಲ್ಲೇನ್ರಿ?" ಎಂದ ಅಮೋಗಿ. "ಬೀರಪ್ಪಗ ಮುಟ್ಟಿದ ಮ್ಯಾಲ ಮೊದಲ ಅವನ ಕುರಿಗೋಳಿಗಿ ಮುಟ್ಟಬೇಕು."

ಕುರಿಗಳಿಗೆ ಮುಟ್ಟಿತು. ನಾನು ಎರಡು ಸಲ ರೆಪ್ಪೆ ಬಡಿಯುವಷ್ಟರಲ್ಲಿ ಮೂರು ವರ್ಷದ ತಪಸ್ಸು ಮುಗಿದುಹೋಯಿತು. ಒಂದು ಟಗರು ಬಂದು ಖಾಲಿ ಬುಟ್ಟಿಯನ್ನೂ ಮೂಸಿತು.

ಮನೆ ಮುಟ್ಟಿದೆವು. ರಾಯರು ಬಾಗಿಲಲ್ಲಿ ಕೈಚೀಲ ಬಿಚ್ಚಿ ಒಂದು ಡಬ್ಬಿ ತೆಗೆದರು.

"ಇರಲಿ ಅಂತ ತಂದಿದ್ದೆ, ಮಾಸ್ತರ."

ನೀರು ಹೇಗೂ ಕುದಿದಿತ್ತು. ನನ್ನ ಮನೆಯಲ್ಲಿ, ನನ್ನ ತಾಟಿಗೆ, ರಾಯರು ಒಂದೇ ಒಂದು ದಂಟು ಬಡಿಸಿದರು.

ಒಮ್ಮೆ ಬಿಟ್ಟ ಮೀಸಲನ್ನು ತಪ್ಪಿಸಬಾರದಂತೆ. ಹಾಗಾಗಿ ಈಗ ಪ್ರತಿವರ್ಷ ಬುಟ್ಟಿ ಹೊರುತ್ತೇನೆ. "ಬೀರಪ್ಪ ತಿಂತಾನೇನ್ರಿ?" ಎಂದು ಶಾಂತೆ ಪ್ರತಿವರ್ಷ ಕೇಳುತ್ತಾಳೆ. ಸಂತೆಯಲ್ಲಿ ಕುರಿಹಿಂಡು ಎದುರಾದರೆ ಆ ಟಗರು ಸಾಲು ಬಿಟ್ಟು ನನ್ನ ಹಿಂದೆ ಬರುತ್ತದೆ. ತಾಜಾ ಆಸ್ಪರಾಗಸ್ ರುಚಿ ಹೇಗಿರುತ್ತದೆಂದು ಯಾರಾದರೂ ಕೇಳಿದರೆ ನಾನು ಆ ಟಗರಿನ ಕಡೆ ಬೆರಳು ತೋರಿಸುತ್ತೇನೆ.