ಕೊತೊಕೊತೊ ಎಂದರೆ ಎಷ್ಟು ಡಿಗ್ರಿ?

"ಒಂದೇ ಒಂದು ಕಾಳು ಸುಕ್ಕುಗಟ್ಟಿದರೂ ನನ್ನ ಹೆಸರು ತೊಕುಜಿ ಅಲ್ಲ!"

ಡಿಸೆಂಬರ್ ಮೂವತ್ತರ ಬೆಳಿಗ್ಗೆ, ಸಾನೊ ಪೇಟೆಯ ಎಪ್ಪತ್ತಾರು ವರ್ಷದ ತೊಕುಜಿ ಹೆಂಡತಿಯ ಹೂವಿನ ಏಪ್ರನ್ ಬಿಗಿದುಕೊಂಡು ಮಾಡಿದ ಭೀಷ್ಮಪ್ರತಿಜ್ಞೆ ಇದು. ಅಲ್ಲಿಯವರೆಗೆ ಆತ ಅಡುಗೆಮನೆಯಲ್ಲಿ ಸಾಧಿಸಿದ್ದು ಬಿಸಿನೀರು ಮಾತ್ರ. ಅದೂ ಒಮ್ಮೆ ತಳ ಹಿಡಿದಿತ್ತು!

ಹೆಂಡತಿ ಹಿಸಾನೊ ಹೆಪ್ಪುಗಟ್ಟಿದ ಅಂಗಳದಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಹೊಸ ವರ್ಷದ ಬೆಳಿಗ್ಗೆ ಸಕ್ಕರೆ ಪಾಕದ ಕರಿಕಾಳು ಬಾಯಿಗೆ ಬೀಳದೆ ಆ ಮನೆಯಲ್ಲಿ ವರ್ಷವೇ ಶುರುವಾಗುವಂತಿಲ್ಲ. ಹಿಸಾನೊ ಕರಿಕಾಳಿಗೇ ಹೆಸರಾದ ತಾಂಬಾ ಸೀಮೆಯ ಮಗಳು. ಅವಳು ಬೇಯಿಸಿದ ಕಾಳಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು, ಅಷ್ಟು ನುಣುಪು. ಆದರೂ ತೊಕುಜಿಯ ಅಕ್ಕ ಉಮೆಯೊ ಪ್ರತಿ ಹೊಸ ವರ್ಷ ಬಂದು, ಒಂದು ಕಾಳು ಬಾಯಿಗಿಟ್ಟು, ಅದೇ ಮಾತು ಹೇಳುತ್ತಿದ್ದಳು: "ಚೆನ್ನಾಗಿದೆ ಕಣಮ್ಮ ಹಿಸಾನೊ. ಆದ್ರೆ ನಮ್ಮಮ್ಮನ ಕಾಳಿನ ಹಾಗಿಲ್ಲ. ಅಮ್ಮನ ಕಾಳಲ್ಲಿ ಸುಕ್ಕಿರ್ತಿತ್ತು. ಮೈ ಸುಕ್ಕಾಗೋವರೆಗೂ ಬಾಳ್ಲಿ ಅನ್ನೋ ಹಾರೈಕೆ ಅದು."

ನಲವತ್ತೆಂಟು ವರ್ಷ ಇದೇ ಮಾತು! ಹಿಸಾನೊ ಪ್ರತಿ ಸಲ ನಕ್ಕು ಚಹಾ ಬಗ್ಗಿಸುತ್ತಿದ್ದಳು.

"ರೀ, ಈ ವರ್ಷ ಸುಕ್ಕು ಬಂದ್ರೆ ನನ್ನ ಮಾನ ಹೋಗತ್ತೆ," ಎಂದಳು ಈಗ. "ಇಷ್ಟು ವರ್ಷ ಹಟ ಹಿಡಿದು ಕೊನೆಗೆ ಸೋತೆ ಅನ್ನೋ ಹಾಗಾಗತ್ತೆ."

"ಥರ್ಮಾಮೀಟರ್ ಕಾರ್ಖಾನೇಲಿ ಮೂವತ್ತೆಂಟು ವರ್ಷ ತಪಾಸಣೆ ಮಾಡಿದೋನು ನಾನು! ಉರಿ ಎಷ್ಟಿರಬೇಕು, ಅಷ್ಟು ಹೇಳು ಸಾಕು."

"ಕೊತೊಕೊತೊ ಅನ್ನೋಷ್ಟು."

"ಕೊತೊಕೊತೊ ಅಂದ್ರೆ ಎಷ್ಟು ಡಿಗ್ರಿ?"

"ಕೊತೊಕೊತೊ ಅಂದ್ರೆ ಕೊತೊಕೊತೊ! ಗುತ್ಸುಗುತ್ಸು ಅಂದ್ರೆ ಉರಿ ಜಾಸ್ತಿ ಆಯ್ತು ಅಂತ. ಕಾಳಿನ ಮೇಲೆ ಕೂರೋ ಮರದ ಮುಚ್ಚಳ ಮೆತ್ತಗೆ ಮಾತಾಡ್ಬೇಕು. ಕಿವಿ ಇಟ್ಟು ಕೇಳಿ. ನೀರು ಕಾಳಿಗಿಂತ ಕೆಳಗೆ ಇಳೀಬಾರ್ದು, ಗಾಳಿ ತಾಗಿದ್ರೆ ಸುಕ್ಕು ಗ್ಯಾರಂಟಿ."

ನಮ್ಮ ಕಡೆ ಎಸರು ಕೊತಕೊತ ಕುದಿಯುತ್ತದಲ್ಲ, ಅದು ಅವರಿಗೆ ಗುತ್ಸುಗುತ್ಸು. ಅವರ ಕೊತೊಕೊತೊ ಬಲು ಸಾಧು. ಪಕ್ಕದ ಮನೆಯ ಅಜ್ಜಿ ಮರದ ಚಪ್ಪಲಿ ಮೆಟ್ಟಿ ಮೆಲ್ಲಗೆ ಬಂದಂತೆ.

ಹಿಸಾನೊ ಕೈಗೆ ಕಟ್ಟಿದ ಪಟ್ಟಿ ಬದಲಿಸಿಕೊಳ್ಳಲು ಆಸ್ಪತ್ರೆಗೆ ಹೊರಟಳು. ತೊಕುಜಿ ಪಾತ್ರೆಗೆ ಥರ್ಮಾಮೀಟರ್ ಇಳಿಬಿಟ್ಟ. ಎಂಬತ್ತೆಂಟು ಡಿಗ್ರಿ: ಮುಚ್ಚಳ ಮೌನವ್ರತ. ತೊಂಬತ್ತೆಂಟು: ಗುತ್ಸುಗುತ್ಸು! ಪಾಕ ಉಕ್ಕಿ ಒಲೆಯ ಮೇಲೆ, ಒರೆಸಲು ಹೋದರೆ ಏಪ್ರನ್ ಮೇಲೆ! ಉರಿ ತಗ್ಗಿಸಿದ, ಸದ್ದು ಸತ್ತಿತು. ಹೆಚ್ಚಿಸಿದ, ರೇಗಿತು. ಕೊನೆಗೆ ಬೇಸತ್ತು ಥರ್ಮಾಮೀಟರ್ ಎತ್ತಿಟ್ಟು, ಕಣ್ಣು ಮುಚ್ಚಿ, ಒಲೆಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ.

ಕೊತೊ. ಕೊತೊ. ಕೊತೊಕೊತೊ.

"ಬಂತು!"

ಚಕ್ರವರ್ತಿಯ ಠೀವಿಯಲ್ಲಿ ಪಕ್ಕದ ಚಾಪೆ ಹಾಸಿದ ಕೋಣೆಯಲ್ಲಿ ಕುಳಿತ. ಆ ಸದ್ದಿನ ಹಿಂದೆಯೇ ಎಪ್ಪತ್ತು ವರ್ಷ ಹಳೆಯ ಅಡುಗೆಮನೆ ಎದ್ದು ಬಂತು. ಇದ್ದಿಲ ಒಲೆ, ಮಸಿ ಹಿಡಿದ ಕಬ್ಬಿಣದ ಪಾತ್ರೆ, ಅಮ್ಮನ ಬೆನ್ನು. ವರ್ಷದ ಕೊನೆಗೆ ಕಾಳು ಬೇಯಿಸುವ ದಿನ ಅಮ್ಮನ ಎಡಗೆನ್ನೆಯ ಮೇಲೆ ಸಾಲು ಸಾಲು ಗೆರೆ ಮೂಡಿರುತ್ತಿದ್ದವು. ಪುಟ್ಟ ತೊಕು ಅದರ ಮೇಲೆ ಬೆರಳಾಡಿಸಿ "ಇದೇನಮ್ಮ?" ಎಂದರೆ, "ದುಡಿದೂ ದುಡಿದೂ ಬಂದ ಗೆರೆ ಕಣೋ," ಎನ್ನುತ್ತಿದ್ದಳು. ಪಾಪ, ಅಮ್ಮ ಎಷ್ಟು ದುಡಿದಳು! ತೊಕುಜಿ ಹಾಗೇ ಚಾಪೆಗೆ ಒರಗಿದ. ಕೊತೊಕೊತೊ... ಅಮ್ಮ... ಕೊತೊ...

ಕಣ್ಣು ಬಿಟ್ಟಾಗ ಸದ್ದಿರಲಿಲ್ಲ, ಸೀದ ವಾಸನೆಯಿತ್ತು! ಎದ್ದೆನೋ ಬಿದ್ದೆನೋ ಎಂದು ಓಡಿದ. ಪಾಕ ತಳ ಕಂಡಿತ್ತು. ಗಾಬರಿಯಲ್ಲಿ ಒಂದು ಚೊಂಬು ತಣ್ಣೀರು ಸುರಿದ. ಅಲ್ಲಿಯವರೆಗೆ ನುಣುಪಾಗಿ ಉಳಿದಿದ್ದ ನಾಲ್ಕಾರು ಕಾಳುಗಳೂ ಬೆಚ್ಚಿಬಿದ್ದು ಸುಕ್ಕಾದವು. ಹೊಸದಾಗಿ ನೆನೆಹಾಕಲು ಮನೆಯಲ್ಲಿ ಒಂದು ಕಾಳೂ ಉಳಿದಿರಲಿಲ್ಲ.

ಹಿಸಾನೊ ಬಂದಳು. ಪಾತ್ರೆ ನೋಡಿದಳು. ಆಮೇಲೆ ಗಂಡನ ಮುಖವನ್ನು ತುಸು ಹೆಚ್ಚು ಹೊತ್ತೇ ನೋಡಿದಳು.

"ನಿದ್ದೆ ಮಾಡಿದ್ರಾ?"

"ಛೇ ಛೇ! ಕಣ್ಣು ರೆಪ್ಪೆ ಬಡಿದಿಲ್ಲ! ನಿನ್ನ ಪಾತ್ರೇನೇ ಸರಿಯಿಲ್ಲ."

"ಹೌದಾ," ಎಂದು ಅವಳು ಆಚೆ ತಿರುಗಿಕೊಂಡಳು. ಹೆಗಲು ಅದುರುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡ ತೊಕುಜಿಗೆ ಎರಡು ದಿನ ಅನ್ನ ಸೇರಲಿಲ್ಲ.

ಹೊಸ ವರ್ಷದ ಬೆಳಿಗ್ಗೆ ಎಂಬತ್ತೈದರ ಉಮೆಯೊ ಅಕ್ಕ ಬಂದು ಕುಳಿತಳು. ಒಂದು ಕಾಳು ಬಾಯಿಗಿಟ್ಟಳು. ಊಟದ ಕಡ್ಡಿ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

"ಅಕ್ಕಾ, ತಪ್ಪು ನಂದು. ಹಿಸಾನೊ ಮುಟ್ಟೇ ಇಲ್ಲ..."

"ಬಾಯ್ಮುಚ್ಚೋ!" ಅಕ್ಕನ ಕಣ್ಣಿಂದ ಬಳಬಳ ನೀರು. "ಅಮ್ಮನ ಕಾಳು ಕಣೋ ಇದು! ಅದೇ ಸುಕ್ಕು. ಆ ಒಂಚೂರು ಸೀದ ವಾಸನೆ ಕೂಡ ಅದೇ ಕಣೋ ತೊಕು!"

ಮೂರು ಬಟ್ಟಲು ತಿಂದಳು, ಅತ್ತಳು, ನಕ್ಕಳು. ಹೊರಡುವಾಗ ಅಪ್ಪಣೆ ಕೊಡಿಸಿದಳು: "ಹಿಸಾನೊ, ಇನ್ಮೇಲೆ ಪ್ರತಿ ವರ್ಷ ಕಾಳು ಇವನೇ ಬೇಯಿಸ್ಲಿ."

ಬಾಗಿಲು ಹಾಕಿದ್ದೇ ತಡ, ತೊಕುಜಿಯ ಎದೆ ಎರಡು ಅಂಗುಲ ಉಬ್ಬಿತು. "ನೋಡಿದ್ಯಾ? ಅಮ್ಮನ ಕೈಗುಣ! ರಕ್ತದಲ್ಲೇ ಬಂದಿದೆ ನಂಗೆ!"

"ಬಂದಿದೆ, ಬಂದಿದೆ." ಹಿಸಾನೊ ಮುರಿಯದ ಕೈಯಿಂದ ಅವನ ಎಡಗೆನ್ನೆ ಸವರಿದಳು. "ಮೊನ್ನೆ ಇಲ್ಲಿ ಚಾಪೆ ಅಚ್ಚು ಗೆರೆ ಗೆರೆಯಾಗಿ ಒತ್ತಿತ್ತು. ನಗು ತಡೆಯೋಕಾಗದೆ ಆಚೆ ತಿರುಗಿದೆ. ಮದುವೆಯಾದ ವರ್ಷ ಅತ್ತೆ ಕೆನ್ನೆ ಮೇಲೂ ಇದೇ ಗೆರೆ ನೋಡಿದ್ದೆ. ಏನತ್ತೆ ಅಂದೆ. 'ಆ ಕೊತೊಕೊತೊ ನಂಗೆ ಜೋಗುಳ ಕಣೇ. ಪ್ರತಿ ವರ್ಷ ನಿದ್ದೆ ಹೊಡೀತೀನಿ, ಪ್ರತಿ ವರ್ಷ ಸೀಯತ್ತೆ. ಹಾರೈಕೆ ಅಂತ ಮಕ್ಕಳ ಬಾಯಿ ಮುಚ್ಚಿಸಿದೀನಿ. ಯಾರಿಗೂ ಹೇಳ್ಬೇಡ' ಅಂತ ಮಾತು ತಗೊಂಡ್ರು."

ತೊಕುಜಿಯ ಕೈ ತಾನಾಗಿಯೇ ಕೆನ್ನೆಗೆ ಹೋಯಿತು. ದುಡಿದೂ ದುಡಿದೂ ಬಂದ ಗೆರೆ!

"ಅಂದ್ರೆ ನಲವತ್ತೆಂಟು ವರ್ಷ..."

"ನನ್ನ ಕಾಳು ಸೋತಿದ್ದು ನಿಮ್ಮಮ್ಮನ ತೂಕಡಿಕೆಗೆ!"

"ಅಕ್ಕನಿಗೆ ಒಂದ್ಸಲನಾದ್ರೂ ಹೇಳ್ಬಾರ್ದಿತ್ತಾ?"

"ಅತ್ತಿಗೆಗೆ ಅವರಮ್ಮಂದು ಅಂತ ಉಳಿದಿರೋದೇ ಅದೊಂದು ರುಚಿ. ಅದನ್ನೂ ಕಿತ್ಕೊಳ್ಳಲಾ?"

ತೊಕುಜಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಏಪ್ರನ್ ಮಡಿಸಿ ಎರಡೂ ಕೈಯಲ್ಲಿ ಹೆಂಡತಿಗೆ ಒಪ್ಪಿಸಿ, ತಲೆ ಬಾಗಿದ. "ಮುಂದಿನ ವರ್ಷ ನೀನೇ ಮಾಡು ಮಾರಾಯ್ತಿ."

"ಅದಾಗಲ್ಲ, ಅತ್ತಿಗೆ ಅಪ್ಪಣೆ ಆಗಿದೆ," ಎಂದು ಹಿಸಾನೊ ಏಪ್ರನ್ ಅನ್ನು ಮತ್ತೆ ಅವನ ಹೆಗಲಿಗೇ ಹಾಕಿದಳು. "ಚಿಂತೆ ಬಿಡಿ. ಒಲೆ ಪಕ್ಕ ದಿಂಬು ನಾನೇ ಇಟ್ಟುಕೊಡ್ತೀನಿ!"