ಕಾಶಿನಾಥರು ಓಣಿಯ ಡೊಂಕನ್ನು ಸೆರೆಹಿಡಿದದ್ದು

"ಈ ಸಲ ಮೊದಲನೇ ಬಹುಮಾನ ನಂದ! ಬರದಿಟ್ಗೋ!" ಎಂದು ಕಾಶಿನಾಥರು ಭಾನುವಾರ ಬೆಳಿಗ್ಗೆ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಘೋಷಿಸಿದರು.

"ಹೋದ ವರ್ಷಾನೂ ಇದನ್ನ ಅಂದಿದ್ರಿ. ರೊಟ್ಟಿ ತಿಂದು ಹೋಗ್ರಿ," ಎಂದಳು ಹೆಂಡತಿ ಶೈಲಶ್ರೀ.

ಹುಬ್ಬಳ್ಳಿಯ ಛಾಯಾಚಿತ್ರ ಪ್ರದರ್ಶನಕ್ಕೆ ಅವರು ವರ್ಷಾವರ್ಷ ಫೋಟೊ ಕಳಿಸುವುದು, ಅದು ವರ್ಷಾವರ್ಷ ಆಯ್ಕೆಯಾಗದಿರುವುದು ಸಂಪ್ರದಾಯವೇ ಆಗಿಹೋಗಿತ್ತು. ಆದರೆ ಈ ಸಲ ಮೊಬೈಲಿನಲ್ಲಿ ಗ್ರೀಸ್ ದೇಶದ ಹಳೇ ಓಣಿಯೊಂದನ್ನು ನೋಡಿ ಅವರಿಗೆ ಜ್ಞಾನೋದಯವಾಗಿತ್ತು. ಬಿಳಿ ಗೋಡೆ, ನೀಲಿ ಬಾಗಿಲು, ಹಾವಿನಂತೆ ಹೊರಳುವ ದಾರಿ. ಹಾವಂತೆ ಹಾವು! ಅಣ್ಣಿಗೇರಿಯ ತಮ್ಮ ಓಣಿಯ ಮುಂದೆ ಅದು ಎರೆಹುಳ! ಇಲ್ಲಿ ಒಬ್ಬೊಬ್ಬರೂ ಮನೆಮುಂದಿನ ಕಟ್ಟೆಯನ್ನು ತಲೆಮಾರಿಗೊಂದು ಗೇಣು ರಸ್ತೆಗೆ ತಳ್ಳಿ ತಳ್ಳಿ, ಓಣಿ ಎತ್ತ ಹೋಗುತ್ತದೆಂದು ಓಣಿಗೇ ತಿಳಿಯದಂತಾಗಿತ್ತು. ಆ ಡೊಂಕಿನ ಒಂದೇ ಒಂದು ಫೋಟೊ ಆ ರಾತ್ರಿಯ ಗಡುವಿನೊಳಗೆ ಕಳಿಸಿದರೆ ಗೆದ್ದಂತೆ.

ಒಂದನ್ನು ಮಾತ್ರ ಪುಣ್ಯಾತ್ಮರು ಮರೆತರು. ಅವರು ಊರಿನ ಪುರಸಭೆ ಕಚೇರಿಯಲ್ಲಿ ಗುಮಾಸ್ತರು. "ರಸ್ತೆಗೆ ಬಂದ ಕಟ್ಟೆ ತೆರವು ಮಾಡಿ" ಎಂಬ ನೋಟಿಸು ಬರೆಯುವವರೂ ಅವರೇ. ಆ ನೋಟಿಸುಗಳಿಂದ ಓಣಿಯ ನೀರೊಲೆಗಳು ಚೆನ್ನಾಗಿ ಉರಿಯುತ್ತಿದ್ದವು. ಆದರೆ ಗುಮಾಸ್ತರೇ ರಜೆಯ ದಿನ ಬಂದು, ಒಂದು ಕಣ್ಣು ಮುಚ್ಚಿ, ಕ್ಯಾಮೆರಾ ಹಿಡಿದು ಕಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತರೆ?

ಗುಂಡಿ ಒತ್ತುವ ಮೊದಲೇ ಮೊದಲ ತಿರುವಿನ ಶಿವಗಂಗವ್ವ ಹೊರಗೆ ಬಂದಳು. "ಏನೋ ಕಾಶಿನಾಥಪ್ಪಾ, ನಮ್ಮ ಕಟ್ಟಿ ಅಳತಿ ನಡದೈತೇನು?"

"ಇಲ್ಲಬೇ ಯವ್ವಾ, ಓಣಿ ಚಂದ ಕಾಣ್ತೈತಿ, ಫೋಟೊ ತಗ್ಯಾಕ ಹತ್ತೇನಿ."

"ನಮ್ಮ ಓಣಿ ಚಂದಾ? ಸುಳ್ಳ ಹೇಳಾಕೂ ಒಂದು ರೀತಿ ಇರ್ತೈತೋ ತಮ್ಮಾ! ಒಳಗ ಬಾ, ಚಾ ಕುಡಿ."

ಬೇಡವೆಂದರೆ ಮನೆಗೆ ಅವಮಾನ ಮಾಡಿದಂತೆ. ಚಹಾ ಕುಡಿದು, ಒಗ್ಗರಣೆ ಹಾಕಿದ ಚುರುಮುರಿ ತಿಂದು ಹೊರಬಂದರೆ, ಅವಳ ಮಗ ಮಡಿವಾಳೆಪ್ಪ ಹಾರೆ ಹಿಡಿದು ಕಟ್ಟೆ ಕೀಳುತ್ತಿದ್ದ!

"ಏ, ಏನ್ ಮಾಡಾಕತ್ತೀಯೋ?"

"ನಾಳೆ ಜೆಸಿಬಿ ಬಂತಂದ್ರ ಗ್ವಾಡೀನೂ ಹೋಗ್ತೈತ್ರಿ. ನಮ್ಮ ಕೈಲೆ ನಾವ ತಗದ್ರ ಕಲ್ಲಾರ ಉಳೀತಾವು."

ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಮುಂದಿನ ತಿರುವಿಗೆ ಓಡಿದರು. ಸುದ್ದಿ ಅವರಿಗಿಂತ ಮೊದಲೇ ಓಡಿತ್ತು. ಅಲ್ಲೂ ಚಹಾ, ಅಲ್ಲೂ ಹಾರೆ. ಒಳಗೆ ಇವರು ಚಹಾದ ಬಸಿ ಕೆಳಗಿಡುವಷ್ಟರಲ್ಲಿ ಹೊರಗೆ ಡೊಂಕು ಮಾಯ! ಬಿಸಿಲೇರಿತು, ಕುಡಿದ ಚಹಾ ಎಲ್ಲ ಎದೆಗೆ ಬಂದು ಉರಿಯತೊಡಗಿತು. ಅವರಿಗೆ ನಿಜವಾಗಿಯೂ ಅಳು ಬಂತು.

ಸಂಜೆಗೆ ಓಣಿ ನೆಟ್ಟಗಾಗಿ ನಿಂತಿತ್ತು. ಕಾಲೆಳೆಯುತ್ತ ಮನೆ ಕಡೆ ಬಂದ ಕಾಶಿನಾಥರ ಕಣ್ಣು ಥಟ್ಟನೆ ಅರಳಿದವು. ಇಡೀ ಓಣಿಯಲ್ಲಿ ಒಂದೇ ಒಂದು ಡೊಂಕು ಉಳಿದಿತ್ತು. ಅದು ಅವರದೇ ಕಟ್ಟೆ! ಆತುರದಿಂದ ಕ್ಯಾಮೆರಾ ಎತ್ತಿದರು. ಅದರೊಳಗೆ ಇಡೀ ಓಣಿಯ ಜನ ಕಂಡರು, ಹಾರೆ ಸಮೇತ.

"ಸಾಹೇಬ್ರ, ನಿಮ್ಮದು ಯಾವಾಗ್ರಿ?" ಎಂದ ಮಡಿವಾಳೆಪ್ಪ, ಬಲು ಮರ್ಯಾದೆಯಿಂದ.

ಶೈಲಶ್ರೀ ಒಳಗಿನಿಂದ ಹಾರೆ ತಂದುಕೊಟ್ಟಳು. "ಕ್ಯಾಮೆರಾ ಇತ್ಲಾಗ ಕೊಡ್ರಿ, ಧೂಳ ಕುಂತೀತು."

ಕಾಶಿನಾಥರು ಅಜ್ಜ ಕಟ್ಟಿಸಿದ ಕಟ್ಟೆಯನ್ನು ಕೈಯಾರೆ ಕೆಡವಿದರು. ಆಮೇಲೆ ಊಟವನ್ನೂ ಮಾಡದೆ ಮಲಗಿಬಿಟ್ಟರು. ಫೋಟೊ ಕಳಿಸುವುದು ಹಾಗೇ ಉಳಿಯಿತು.

ಹದಿನೈದು ದಿನ ಕಳೆದ ಮೇಲೆ ಶೈಲಶ್ರೀ, "ಹುಬ್ಬಳ್ಳಿಗೆ ಹೋಗೂಣು ನಡೀರಿ, ಪ್ರದರ್ಶನ ಚಾಲೂ ಆಗೇತಿ," ಎಂದು ಎಬ್ಬಿಸಿದಳು.

"ನನ್ನದs ಇಲ್ಲ, ನಾ ಯಾಕ ಬರ್ಲಿ?"

"ಬರ್ರಿ ಅಂದೆ."

ಪ್ರದರ್ಶನದ ಬಾಗಿಲಲ್ಲೇ, ಎಲ್ಲಕ್ಕಿಂತ ದೊಡ್ಡ ಚೌಕಟ್ಟಿನ ಮುಂದೆ ಜನ ಮುಗಿಬಿದ್ದು ನಗುತ್ತಿದ್ದರು. ಪ್ಯಾಂಟು ಮೊಣಕಾಲಿಗೆ ಮಡಚಿ, ಬಾಯಿ ತೆರೆದು, ಮೈಯೆಲ್ಲ ಧೂಳಾಗಿ ಹಾರೆ ಎತ್ತಿದ್ದ ಕಾಶಿನಾಥರು! ಕೆಳಗೆ ಬರೆದಿತ್ತು:

"ಮೊದಲ ಬಹುಮಾನ: ಶ್ರೀಮತಿ ಶೈಲಶ್ರೀ. ಚಿತ್ರದ ಹೆಸರು: ಕೆಲಸ ಮಾಡುತ್ತಿರುವ ಸರಕಾರಿ ನೌಕರ. ವಿಭಾಗ: ಅಪರೂಪದ ದೃಶ್ಯಗಳು."