ಒಂದು ಲೀಚಿ ಮರದ ಅಕ್ಷಾಂಶ ರೇಖಾಂಶ

ನಾನು ನಕ್ಷೆಗಾರ. ದೇಶದ ಭೂಮಾಪನ ಕಚೇರಿ ಇರುವ ಡೆಹ್ರಾಡೂನಿನಲ್ಲಿ ಕಲ್ಲೆಸೆದರೆ ನಕ್ಷೆ ಮಾಡುವವನ ತಲೆಗೇ ಬೀಳುತ್ತದೆ, ನಿಜ. ಆದರೂ ನನ್ನ ಹೆಂಡತಿ ಗೋದಾಂಬರಿಯ ಪಾಲಿಗೆ ನಾನು ದಿನವಿಡೀ ಕಂಪ್ಯೂಟರಿನಲ್ಲಿ ಗೆರೆ ಗೀಚಿ ಸಂಬಳ ಎಣಿಸುವವನು. ಈ ಅಪಮಾನ ತೊಳೆದುಕೊಳ್ಳುವ ಸುಯೋಗ ಈ ಜೂನಿನಲ್ಲಿ ಒದಗಿತು. ಪೂರ್ವದ ಗೋಡೆಯಾಚೆ ಡಂಗ್ವಾಲರ ಲೀಚಿ ಮರ ಕೆಂಪಗೆ ತೂಗುತ್ತಿತ್ತು.

"ಪ್ರತಿ ವರ್ಷ ನೋಡಿ ನೋಡಿ ಬಾಯಲ್ಲಿ ನೀರೂರಿಸ್ಕೊಳ್ಳೋದೇ ಆಯ್ತು," ಎಂದಳು ಗೋದಾಂಬರಿ.

"ಮರ ಅವರದು ಅಂತ ಯಾರು ಹೇಳಿದ್ದು? ನಕ್ಷೆ ಹೇಳ್ಲಿ!" ಎಂದು ಗುಡುಗಿದೆ.

ಬಡಾವಣೆಯ ಹಳೆಯ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಹೊದಿಸಿದೆ. ಮೊದಲ ಸಲ ನಮ್ಮ ಮನೆ ಆಫ್ರಿಕಾದ ಪಕ್ಕದ ಸಮುದ್ರಕ್ಕೆ ಬಿತ್ತು. (ಅಕ್ಷಾಂಶ ರೇಖಾಂಶದ ಡಿಗ್ರಿಗಳನ್ನು ಮೀಟರ್ ಎಂದುಕೊಂಡಿತ್ತು ಆ ಮುಠ್ಠಾಳ ಸಾಫ್ಟ್‌ವೇರ್. ಅಂದುಕೋ ಎಂದು ಹೇಳಿದ್ದು ನಾನೇ, ಅದು ಬೇರೆ ವಿಷಯ.)

"ಸದ್ಯ, ನೀರಿನ ತಾಪತ್ರಯ ತಪ್ಪಿತು," ಎಂದಳು ಇವಳು.

ಹಲ್ಲು ಕಚ್ಚಿಕೊಂಡು ಅಳತೆ ಬದಲಿಸಿದೆ. ದುಂಡು ಭೂಮಿಯನ್ನು ಚಪ್ಪಟೆ ಮಾಡಲು ಯಾವ ಲೆಕ್ಕ ಹಿಡಿಯಲಿ ಎಂದು ಸಾಫ್ಟ್‌ವೇರ್ ಕೇಳಿತು. ಪಟ್ಟಿಯೋ ಹನುಮಂತನ ಬಾಲ. ಕಣ್ಣಿಗೆ ಬಿದ್ದದ್ದನ್ನು ಒತ್ತಿದೆ. ಮನೆ ಸಮುದ್ರದಿಂದೆದ್ದು ಡೆಹ್ರಾಡೂನಿಗೆ ಬಂತು. ಅಷ್ಟೇ ಅಲ್ಲ, ನಮ್ಮ ನಿವೇಶನದ ಗೆರೆ ಲೀಚಿ ಮರವನ್ನು ತಬ್ಬಿಕೊಂಡು ನಿಂತಿತ್ತು!

ಗೋದಾಂಬರಿ ಮದುವೆಯಾದ ಮೇಲೆ ಮೊದಲ ಬಾರಿಗೆ ನನ್ನನ್ನು ವಿದ್ವಾಂಸನಂತೆ ನೋಡಿದಳು. ರಾತ್ರಿಯ ಮಂಡುವಾ ಎಂಬ ರಾಗಿ ರೊಟ್ಟಿಗೆ ಕೇಳದೆಯೇ ತುಪ್ಪ ಬಿತ್ತು. ಬೆಳಗಾಗುವಷ್ಟರಲ್ಲಿ ಮರ ಬೋಳು, ನಮ್ಮ ಅಡುಗೆಮನೆ ತುಂಬ ಲೀಚಿ.

ಡಂಗ್ವಾಲರು ಕೆಂಡವಾಗಿ ಬಂದರು. ನಾನು ಬಣ್ಣದ ನಕ್ಷೆಯನ್ನು ಅವರ ಮೂಗಿನ ಕೆಳಗೆ ಹಿಡಿದು, "ನಕ್ಷೆ ಸುಳ್ಳು ಹೇಳಲ್ಲ ಡಂಗ್ವಾಲ್‌ಜೀ," ಎಂದೆ.

ಅವರು ನೋಡುತ್ತಾ ನೋಡುತ್ತಾ ತಣ್ಣಗಾದರು. "ಸರಿ ಭಾಯಿ, ನಿಮ್ಮ ಗೆರೆ ನನ್ನ ತೋಟಕ್ಕೆ ಬಂತು. ಹಾಗಾದ್ರೆ ನಿಮ್ಮ ಮನೆ ಮೇಲೆ ಕೂತಿರೋ ಗೆರೆ ಯಾರದು?"

ಬಗ್ಗಿ ನೋಡಿದೆ. ಇಡೀ ಬಡಾವಣೆಯೇ ಒಂದು ಮನೆಯಷ್ಟು ಪೂರ್ವಕ್ಕೆ ಜರುಗಿತ್ತು. ನನ್ನ ಅಡುಗೆಮನೆ, ಮಲಗುವ ಕೋಣೆ, ಬಚ್ಚಲು, ಎಲ್ಲವೂ ಪಶ್ಚಿಮದ ಮನೆಯವರ ನಿವೇಶನದೊಳಗೆ. ಪಶ್ಚಿಮದ ಮನೆ ನನ್ನ ಅತ್ತೆಯದು!

ಡಂಗ್ವಾಲರು ಗೋಡೆಯಾಚೆ ಕೂಗಿ ಕರೆದೇಬಿಟ್ಟರು. ಅತ್ತೆ ಬಂದರು, ಕನ್ನಡಕ ಏರಿಸಿ ನಕ್ಷೆ ನೋಡಿದರು. "ಮನೆ ಅಳಿಯ ಆಗಲ್ಲ ಅಂತ ಎಷ್ಟು ಹಾರಾಡ್ತಿದ್ರಿ! ಈಗ ನೀವೇ ನಕ್ಷೆ ಬರ್ಕೊಂಡು ಬಂದ್ಬಿಟ್ರಲ್ಲ ಅಳಿಯಂದಿರೇ!"

"ಅದು ತಪ್ಪು ಲೆಕ್ಕ ಅತ್ತೆ! ಹಳೇ ನಕ್ಷೆಗೆ ಬೇರೆ, ಹೊಸ ಚಿತ್ರಕ್ಕೆ ಬೇರೆ. ನಾನು ಒತ್ತಿದ್ದು..."

"ಅಂದ್ರೆ ನಿಮಗೆ ನಕ್ಷೆ ಮಾಡೋಕೆ ಬರಲ್ವಾ?" ಎಂದಳು ಗೋದಾಂಬರಿ.

ಬರುತ್ತದೆ ಎಂದರೆ ಮನೆ ಅಳಿಯ. ಬರುವುದಿಲ್ಲ ಎಂದರೆ ಲೀಚಿ ಕಳ್ಳ. "ಒಂದು ಗುಂಡಿ ಒತ್ತಿದ್ರೆ ಭೂಮಿ ವಾಪಸ್ ಸರಿಯುತ್ತೆ ಕಣೇ," ಎಂದು ಗೋಗರೆದೆ.

"ಭೂಮಿ ಅಲ್ಲೇ ಇರ್ಲಿ," ಎಂದಳು ಅವಳು, ಲೀಚಿ ಸುಲಿದು ತಾಯಿಯ ಕೈಗಿಡುತ್ತಾ. "ನೀವು ಸ್ವಲ್ಪ ಸರೀರಿ. ಮನೆ ಯಜಮಾನಿ ಕೂತ್ಕೋಬೇಕು."